ಹೊಳೆ ಆಚೆ ಒಂದು ಡೀಸೆಲ್, ಹೊಳೆ ಈಚೆ ಒಂದು

ಹೋದ ಸಲ ಊರಿಗೆ ಹೋದಾಗ ಮಾಮಾನನ್ನು ವಿಜಯಪುರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಎರಡು ಮೆಟ್ಟಿಲು ಹತ್ತಿದರೆ ಸಾಕು, ದಮ್ಮು ಹತ್ತುತ್ತದೆ. ರಾತ್ರಿ ಕೆಮ್ಮು. ಡಾಕ್ಟರು ಕಿರಿಯರು, ಎದೆಗೆ ಸ್ಟೆಥಾಸ್ಕೋಪ್ ಇಡುತ್ತಲೇ ಕೇಳಿದರು.

"ಬೀಡಿ ಎಷ್ಟ್ ವರ್ಷ ಸೇದೀರಿ ಕಾಕಾ?"

"ಇಲ್ರಿ ಸಾಹೇಬ್ರ, ಬೀಡಿ ಮುಟ್ಟೇ ಇಲ್ಲ. ಗಾಡಿ ಹೊಡದೀನ್ರಿ."

"ಏನ್ ಗಾಡಿ?"

"ಮೊದಲ ಟ್ರ್ಯಾಕ್ಸು, ಆಮ್ಯಾಲ ಟೆಂಪೋ. ಮೂವತ್ತ್ ವರ್ಷ ಆತ್ರಿ."

ಡಾಕ್ಟರು ಚೀಟಿ ಬರೆಯುತ್ತ "ಅದೂ ಬೀಡಿನ ಬಿಡ್ರಿ" ಅಂದರು. ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ. ಮಾಮಾ ಮಾತ್ರ ನಕ್ಕ. ನನಗೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮೂವತ್ತು ವರ್ಷ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಅಂತ ತಿರುಗಿದ ಮನುಷ್ಯ. ಅವನು ಸೇದಿದ ಆ "ಬೀಡಿ" ಯಾವುದು, ಯಾರು ಕೊಟ್ಟಿದ್ದು, ಯಾವಾಗಿನಿಂದ? ಬೆಂಗಳೂರಿಗೆ ವಾಪಸ್ ಬಂದ ಮೇಲೆ ಓದುತ್ತಾ ಹೋದೆ. ಓದಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಸಹಿಸಿಕೊಳ್ಳಿ :)

*

ಮೊದಲು ನಮ್ಮ ಕಡೆಯ ಭೂಗೋಳ. 1880ರ ದಶಕದಲ್ಲಿ ಗದಗ-ಹೊಟಗಿ ಮೀಟರ್ ಗೇಜ್ ರೈಲು ಬಂತು. ಆ ದಾರಿಯಲ್ಲಿ ಎರಡು ಸ್ಟೇಷನ್ನುಗಳ ಹೆಸರು ಗಮನಿಸಿ: 'ಇಂಡಿ ರೋಡ್' ಮತ್ತು 'ಬಸವನ ಬಾಗೇವಾಡಿ ರೋಡ್'. ರೈಲ್ವೆಯವರು ಊರ ಹೆಸರಿನ ಮುಂದೆ 'ರೋಡ್' ಅಂತ ಸೇರಿಸಿದರೆ ಅದರ ಅರ್ಥ, ಊರು ಇಲ್ಲಿಲ್ಲ, ಇಳಿದು ರಸ್ತೆ ಹಿಡಿದು ಹೋಗಿ ಅಂತ. ಸಿಂದಗಿ ಮತ್ತು ಮುದ್ದೇಬಿಹಾಳಕ್ಕೆ ಅಷ್ಟೂ ಇಲ್ಲ. ಅಲ್ಲಿಗೆ ಇವತ್ತಿಗೂ ರೈಲಿಲ್ಲ. ಹಾಗಾಗಿ ಜೋಳ, ತೊಗರಿ, ಲಿಂಬಿಹಣ್ಣು, ಮದುವೆ ದಿಬ್ಬಣ, ಬಸುರಿ ಬಾಣಂತಿ, ಎಲ್ಲ ಹೋಗುವುದು ರಸ್ತೆಯ ಮೇಲೇ. ನಮ್ಮ ಹೊಗೆಯ ಇತಿಹಾಸ ಶುರುವಾಗುವುದೇ ಇಲ್ಲಿಂದ.

ಧೂಳು ನಮಗೆ ಹೊಸದಲ್ಲ. ಎರಿ ನೆಲ, ಬಂಡಿ ದಾರಿ, ಬೇಸಿಗೆಯ ಸುಂಟರಗಾಳಿ. ತಾಳಿಕೋಟೆಯ ಕಡೆ 1565ರಲ್ಲಿ ಎದ್ದ ಧೂಳಿನ ಬಗ್ಗೆ ಶಾಲೆಯಲ್ಲೇ ಓದಿದ್ದೇವೆ. ಆದರೆ ಮಣ್ಣಿನ ಧೂಳು ದಪ್ಪ. ಬಹಳಷ್ಟು ಮೂಗಿನಲ್ಲಿ, ಗಂಟಲಲ್ಲಿ ನಿಲ್ಲುತ್ತದೆ. ಸೀನಿದರೆ, ಉಗುಳಿದರೆ ಹೋಗುತ್ತದೆ. ಮಾಮಾನ ಎದೆಗೆ ಇಳಿದದ್ದು ಅದಕ್ಕಿಂತ ಸಣ್ಣದು.

ಬಸ್ಸಿನ ಕಾಲ ನಮಗೆ ಮುಂಬಯಿ ಕಡೆಯಿಂದ ಬಂದದ್ದು. 1956ರ ತನಕ ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಪೆಟ್ರೋಲಿಗೆ ರೇಷನ್ ಬಿದ್ದು ದೇಶದ ಅನೇಕ ಕಡೆ ಬಸ್ಸುಗಳು ಇದ್ದಿಲಿನ ಮೇಲೆ ಓಡಿದವು. ಹಿಂದೆ ಒಂದು ಕೊಳವಿ, ಅದರಲ್ಲಿ ಇದ್ದಿಲು ಉರಿಸಿ, ಬಂದ ಗ್ಯಾಸನ್ನು ಎಂಜಿನ್ನಿಗೆ ಕೊಡುವುದು. ಹಳಬರು ಈಗಲೂ "ಇದ್ದಿಲ ಬಸ್ಸು" ಅಂತ ನೆನೆಯುತ್ತಾರೆ. 1949ರಲ್ಲಿ ಮುಂಬಯಿ ರಾಜ್ಯದ ರಸ್ತೆ ಸಾರಿಗೆ ನಿಗಮ ಆಯಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1961ರಲ್ಲಿ ಇಲ್ಲಿಯೂ ಸಾರಿಗೆ ನಿಗಮ ಆಯಿತು. ಕೆಂಪು ಬಸ್ಸು ಊರೂರಿಗೆ ಬಂತು.

ಡೀಸೆಲ್ ಎಂಜಿನ್ನಿನ ಬಗ್ಗೆ ಒಂದು ಮಜಾ ಸಂಗತಿ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ನನ್ನು ಓಡಿಸಿ ತೋರಿಸಿದ್ದು ಯಾವುದರ ಮೇಲೆ ಗೊತ್ತೆ? ಶೇಂಗಾ ಎಣ್ಣೆಯ ಮೇಲೆ! ನಮ್ಮ ಹೊಲದ ಬೆಳೆ. ಆದರೆ ಜಗತ್ತು ಹಿಡಿದದ್ದು ನೆಲದಡಿಯ ಎಣ್ಣೆಯನ್ನು. 1954ರಲ್ಲಿ ಜಮ್‌ಶೆಡ್‌ಪುರದಲ್ಲಿ ಟಾಟಾದವರು ಜರ್ಮನಿಯ ಕಂಪನಿಯ ಜೊತೆ ಸೇರಿ ಡೀಸೆಲ್ ಲಾರಿ ಮಾಡತೊಡಗಿದರು. ಮುಂದೆ ಲಾರಿ ಅಂದರೆ ಡೀಸೆಲ್, ಬಸ್ಸು ಅಂದರೆ ಡೀಸೆಲ್ ಅಂತಲೇ ಆಯಿತು. ಕಡಿಮೆ ಎಣ್ಣೆಗೆ ಹೆಚ್ಚು ದೂರ, ಹೆಚ್ಚು ಭಾರ, ಮೇಲಾಗಿ ಪೆಟ್ರೋಲಿಗಿಂತ ಅಗ್ಗ. ಯಾರು ಬೇಡ ಅಂತಾರೆ?

ಕೆಂಪು ಬಸ್ಸು ಸಾಲದೆ ಬಂದಾಗ ಜೀಪು, ಮೆಟಾಡೋರು, ಟ್ರ್ಯಾಕ್ಸು, ಕ್ರೂಸರು, ಟಂಟಂ ಬಂದವು. ಮಾಮಾ ಟ್ರ್ಯಾಕ್ಸ್ ಹೊಡೆಯುತ್ತಿದ್ದ ಕಾಲದಲ್ಲಿ ಒಳಗೆ ಎಷ್ಟು ಜನ, ಮೇಲೆ ಎಷ್ಟು ಜನ ಅಂತ ಎಣಿಸುವವರೇ ಇರಲಿಲ್ಲ. ತುಂಬಿದ ಗಾಡಿ ಏರು ಹತ್ತುವಾಗ ಹಿಂದೆ ಕರೀ ಮೋಡ. ಅದು ನಮಗೆ ಎಂಜಿನ್ನಿನ ತಾಕತ್ತಿನ ಗುರುತು. ನಾವು ಹುಡುಗರು ಅದರ ಹಿಂದೆ ಓಡುತ್ತಿದ್ದೆವು, ಆ ವಾಸನೆ ಇಷ್ಟ ಅಂತ! ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಇನ್ನು ಕಲಬೆರಕೆ. ರೇಷನ್ ಅಂಗಡಿಯ ನೀಲಿ ಬಣ್ಣದ ಚಿಮಣಿ ಎಣ್ಣೆ ಎಲ್ಲವೂ ಚಿಮಣಿಗೇ ಹೋಗುತ್ತಿರಲಿಲ್ಲ ಅನ್ನುವುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಬೈಕುಗಳಲ್ಲಿ ಎರಡು ಸ್ಟ್ರೋಕಿನ ಲೂನಾ, ರಾಜದೂತ್, ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ದಿ. ಇವಕ್ಕೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕಬೇಕು. ಎಣ್ಣೆಯ ಒಂದು ಪಾಲು ಸುಡದೆ ಹಾಗೇ ಹೊರಗೆ ಬರುತ್ತಿತ್ತು. ಆ ನೀಲಿ ಹೊಗೆ ಅಂದರೆ ಗಾಳಿಯಲ್ಲಿ ತೇಲುವ ಎಣ್ಣೆಯ ಹನಿ.

*

ಹೊಗೆಯಲ್ಲಿ ಏನಿರುತ್ತದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. 10 ಮೈಕ್ರಾನಿಗಿಂತ ಸಣ್ಣ ಕಣಗಳಿಗೆ ಪಿಎಂ 10 ಅಂತಾರೆ, 2.5ಕ್ಕಿಂತ ಸಣ್ಣವಕ್ಕೆ ಪಿಎಂ 2.5. ಈ ಎರಡನೆಯವು ಶ್ವಾಸಕೋಶದ ಕೊನೆಯ ಗಾಳಿಚೀಲದ ತನಕ ಹೋಗುತ್ತವೆ. ವಾಹನ ಇಂಥ ಕಣಗಳನ್ನು ಮೂರು ದಾರಿಯಲ್ಲಿ ಕೊಡುತ್ತದೆ.

ಒಂದು, ನೇರವಾಗಿ. ಡೀಸೆಲ್ ಪೂರ್ತಿ ಉರಿಯದೆ ಉಳಿದ ಮಸಿ. ಇದರ ಕಣಗಳು ಪಿಎಂ 2.5ಕ್ಕಿಂತಲೂ ಎಷ್ಟೋ ಸಣ್ಣವು.

ಎರಡು, ಕಳ್ಳದಾರಿಯಲ್ಲಿ. ಡೀಸೆಲಿನ ಗಂಧಕ ಉರಿದು ಅನಿಲವಾಗಿ ಹೊರಬರುತ್ತದೆ, ಎಂಜಿನ್ನಿನ ಬಿಸಿಗೆ ಗಾಳಿಯ ಸಾರಜನಕವೂ ಸುಟ್ಟು ಇನ್ನೊಂದು ಅನಿಲವಾಗುತ್ತದೆ. ಹೊರಬರುವಾಗ ಇವು ಕಣಗಳೇ ಅಲ್ಲ. ಗಾಳಿಯಲ್ಲಿ ಗಂಟೆಗಟ್ಟಲೆ ಅಲೆದು, ಹೊಲದ ಯೂರಿಯಾದಿಂದ, ಸಗಣಿ ಗಂಜಳದಿಂದ ಬರುವ ಅಮೋನಿಯಾದ ಜೊತೆ ಸೇರಿ ಕಣವಾಗುತ್ತವೆ. ಹೀಗಾಗಿ ಹೆದ್ದಾರಿಯ ಹೊಗೆ ಹೆದ್ದಾರಿಯಲ್ಲೇ ಉಳಿಯುವುದಿಲ್ಲ.

ಮೂರು, ಗಾಲಿಯಿಂದ. ಸವೆಯುವ ಟಾಯರು, ಸವೆಯುವ ಬ್ರೇಕು, ಮತ್ತು ಗಾಲಿ ಎಬ್ಬಿಸುವ ರಸ್ತೆಯ ಧೂಳು. ನಮ್ಮ ಕಡೆ ಈ ಮೂರನೆಯದು ಕಣ್ಣಿಗೆ ಹೆಚ್ಚು ಕಾಣುತ್ತದೆ. ಅದಕ್ಕೇ ಮೊದಲೆರಡು ಮರೆಯಾಗುತ್ತವೆ. "ಏನ್ ಧೂಳ ಮಾರಾಯಾ" ಅಂತೇವೆ, ಟವೆಲ್ ಕಟ್ಟಿಕೊಳ್ಳುತ್ತೇವೆ. ಟವೆಲ್ ಮಣ್ಣನ್ನು ತಡೆಯುತ್ತದೆ, ಮಸಿಯನ್ನಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2012ರ ಜೂನಿನಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ಇದನ್ನು ಓದಿದಾಗ ಡಾಕ್ಟರ ಬೀಡಿ ಮಾತು ಮತ್ತೆ ನೆನಪಾಯಿತು.

*

ಈಗ ಕಾನೂನಿನ ಕಥೆ. 1981ರಲ್ಲಿ ವಾಯುಮಾಲಿನ್ಯ ನಿಯಂತ್ರಣ ಕಾಯಿದೆ ಬಂತು. 1988ರಲ್ಲಿ ಮೋಟಾರು ವಾಹನ ಕಾಯಿದೆ, 1989ರಲ್ಲಿ ಅದರ ನಿಯಮಗಳು. ಎಮಿಷನ್ ಸರ್ಟಿಫಿಕೇಟಿನ ಬೇರು ಇಲ್ಲಿದೆ. ಹೊಸ ಪೆಟ್ರೋಲ್ ವಾಹನಗಳಿಗೆ 1991ರಲ್ಲಿ, ಡೀಸೆಲಿಗೆ 1992ರಲ್ಲಿ ಮೊದಲ ಮಿತಿ. ದಿಲ್ಲಿಯಲ್ಲಿ ಎಂ.ಸಿ. ಮೆಹ್ತಾ ಅನ್ನುವ ವಕೀಲರು 1985ರಲ್ಲಿ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟು 1998ರಲ್ಲಿ ಅಲ್ಲಿನ ಬಸ್ಸುಗಳೆಲ್ಲ ಸಿಎನ್‌ಜಿಗೆ ಹೋಗಬೇಕು ಅಂತ ಆದೇಶ ಕೊಟ್ಟಿತು. ಸೀಸವಿಲ್ಲದ ಪೆಟ್ರೋಲು 1995ರಲ್ಲಿ ನಾಲ್ಕು ಮಹಾನಗರಗಳಿಗೆ ಬಂತು, 2000ದ ಫೆಬ್ರವರಿಯಲ್ಲಿ ಇಡೀ ದೇಶಕ್ಕೆ.

ನೋಡಿದಿರಾ? ಮೊದಲು ನಗರ, ಆಮೇಲೆ ನಾವು. ಇಲ್ಲಿ ಐದು ವರ್ಷದ ಅಂತರ. ಇದೇ ಲೆಕ್ಕ ಮುಂದೆ ಡೀಸೆಲಿಗೂ ನಡೆಯಿತು.

ಡೀಸೆಲಿನಲ್ಲಿ ಮುಖ್ಯ ಪ್ರಶ್ನೆ ಗಂಧಕದ್ದು. 1990ರ ದಶಕದ ಮಧ್ಯದ ತನಕ ಶೇಕಡಾ 1ರಷ್ಟು ಗಂಧಕ ಇರಲು ಅವಕಾಶವಿತ್ತು. ಒಂದು ಲೀಟರ್ ಡೀಸೆಲಿನ ತೂಕ ಸುಮಾರು 830 ಗ್ರಾಂ ಅಂದುಕೊಂಡರೆ ಲೀಟರಿಗೆ 8 ಗ್ರಾಂ ಗಂಧಕ! 2000ದ ಹೊತ್ತಿಗೆ ಅದು ಶೇಕಡಾ 0.25ಕ್ಕೆ ಇಳಿಯಿತು. ಆಮೇಲೆ 'ಭಾರತ್ ಸ್ಟೇಜ್' ಅನ್ನುವ ಮೆಟ್ಟಿಲುಗಳು. ಎರಡನೇ ಮೆಟ್ಟಿಲಲ್ಲಿ ಹತ್ತು ಲಕ್ಷ ಭಾಗಕ್ಕೆ 500 ಭಾಗ, ಮೂರನೆಯದರಲ್ಲಿ 350, ನಾಲ್ಕನೆಯದರಲ್ಲಿ 50, ಆರನೆಯದರಲ್ಲಿ 10. ಐದನೆಯದನ್ನು ಹಾರಿಬಿಟ್ಟರು.

ಬೆಂಗಳೂರಿಗೆ ಎರಡನೇ ಮೆಟ್ಟಿಲು 2003ರ ಏಪ್ರಿಲಿನಲ್ಲಿ ಬಂತು, ನಮ್ಮ ಕಡೆಗೆ 2005ರಲ್ಲಿ. ಎರಡು ವರ್ಷ ತಡ. ಮೂರನೆಯದು ಬೆಂಗಳೂರಿಗೆ 2005ರಲ್ಲಿ, ನಮಗೆ 2010ರಲ್ಲಿ. ಐದು ವರ್ಷ ತಡ. ನಾಲ್ಕನೆಯದು ಬೆಂಗಳೂರಿಗೆ 2010ರಲ್ಲಿ. ಆ ಮೇಲೆ ಹಂತಹಂತವಾಗಿ ಹರಡಿ ದೇಶಕ್ಕೆಲ್ಲ ಕಡ್ಡಾಯವಾದದ್ದು 2017ರ ಏಪ್ರಿಲ್ 1ಕ್ಕೆ. ಅಂತರ ಕಡಿಮೆಯಾಗುವ ಬದಲು ಬೆಳೆಯುತ್ತಾ ಹೋಯಿತು.

ಇದನ್ನೆಲ್ಲ ಓದುವಾಗ ಒಂದು ಪಟ್ಟಿ ನೋಡಿ ಕುರ್ಚಿಯಿಂದ ಎದ್ದುಬಿಟ್ಟೆ. 2010ರಲ್ಲಿ ನಾಲ್ಕನೇ ಮೆಟ್ಟಿಲಿನ ಡೀಸೆಲ್ ಮೊದಲು ಬಂದದ್ದು 13 ನಗರಗಳಿಗೆ. ದಿಲ್ಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಬೆಂಗಳೂರು, ಹೈದರಾಬಾದು, ಅಹ್ಮದಾಬಾದು, ಪುಣೆ, ಸೂರತ್, ಕಾನಪುರ, ಆಗ್ರಾ, ಲಖನೌ... ಹದಿಮೂರನೆಯದು ಸೊಲ್ಲಾಪುರ!

ಸೊಲ್ಲಾಪುರ ಅಂದರೆ ನಮ್ಮ ಮಂದಿಗೆ ಪರಊರಲ್ಲ. ಬಟ್ಟೆಗೆ, ದವಾಖಾನೆಗೆ, ಸಂತೆಗೆ ಹೋಗುವ ಊರು. ಮಾಮಾ ಇಂಡಿಯ ಲಿಂಬಿಹಣ್ಣು ಹೇರಿಕೊಂಡು ಟೆಂಪೋ ಒಯ್ಯುತ್ತಿದ್ದದ್ದೂ ಅಲ್ಲಿಗೇ. ನಡುವೆ ಭೀಮಾ ಹೊಳೆ. ಈಚೆ ದಂಡೆಯಲ್ಲಿ ಧೂಳಖೇಡದ ಚೆಕ್‌ಪೋಸ್ಟು (ಹೆಸರಲ್ಲೇ ಧೂಳಿದೆ ನೋಡಿ! ಆಗ ಇಂಡಿ ತಾಲೂಕು, ಈಗ ಚಡಚಣ). 2010ರ ನಂತರ ಕೆಲವು ವರ್ಷ ಹೊಳೆಯ ಆಚೆ ಸೊಲ್ಲಾಪುರದ ಬಂಕಿನಲ್ಲಿ 50ರ ಡೀಸೆಲ್, ಈಚೆ ನಮ್ಮ ಬಂಕುಗಳಲ್ಲಿ 350ರದು. ಲೀಟರಿಗೆ ಆಚೆ ಸುಮಾರು 0.04 ಗ್ರಾಂ ಗಂಧಕ, ಈಚೆ ಸುಮಾರು 0.3 ಗ್ರಾಂ. ಏಳು ಪಟ್ಟು. ಅದೇ ಹೊಳೆ, ಅದೇ ಗಾಳಿ, ಎರಡೂ ಕಡೆ ಕನ್ನಡ ಮರಾಠಿ ಎರಡೂ ಮಾತಾಡುವ ಮಂದಿ. ಡೀಸೆಲ್ ಮಾತ್ರ ಬೇರೆ.

ಮಾಮಾನಿಗೆ ಫೋನ್ ಮಾಡಿ ಹೇಳಿದೆ. "ಹೌದೇನ್? ನಾವು ಯಾವ ಕಡಿ ಸೋವಿ ಐತಿ ನೋಡಿ ತುಂಬಸ್ತಿದ್ವಿ. ಹೊಗಿ ಯಾರ್ ನೋಡ್ತಾರ ತಮ್ಮಾ" ಅಂದ.

ಗಂಧಕ ಕಡಿಮೆಯಾದರೆ ಗಂಧಕದ ಕಣ ಕಡಿಮೆ, ಅಷ್ಟೇ ಅಲ್ಲ. ಹೊಗೆಕೊಳವಿಯಲ್ಲಿ ಮಸಿ ಹಿಡಿಯುವ ಜಾಲರಿ, ಅನಿಲ ಶುದ್ಧಿ ಮಾಡುವ ಡಬ್ಬಿ ಕೂರಿಸಬೇಕಾದರೆ ಮೊದಲು ಎಣ್ಣೆ ಶುದ್ಧವಾಗಬೇಕು. ಗಂಧಕ ಅವನ್ನು ಕೆಡಿಸಿಬಿಡುತ್ತದೆ. ಹೀಗಾಗಿ ಒಳ್ಳೆಯ ಎಣ್ಣೆ ಸಿಗದ ಕಡೆ ಒಳ್ಳೆಯ ಎಂಜಿನ್ನೂ ಬರುವುದಿಲ್ಲ. ಊರೂರು ತಿರುಗುವ ಲಾರಿ ಎಲ್ಲಿ ಬೇಕಾದರೂ ಎಣ್ಣೆ ತುಂಬಿಸಬೇಕಲ್ಲ? ಅದಕ್ಕೇ ದೂರದ ಲಾರಿಗಳು ಆ ವರ್ಷಗಳಲ್ಲಿ ಮೂರನೇ ಮೆಟ್ಟಿಲಲ್ಲೇ ಉಳಿದವು. ಸೊಲ್ಲಾಪುರದಿಂದ ಇಂಡಿ ತಾಲೂಕಿನ ಝಳಕಿ ಹಾಯ್ದು ವಿಜಯಪುರ, ಅಲ್ಲಿಂದ ಬಾಗೇವಾಡಿ ಸೀಮೆ ದಾಟಿ ಆಲಮಟ್ಟಿ ಕಡೆ ಹೋಗುವ ದೊಡ್ಡ ರಸ್ತೆ ನಮ್ಮದು. ಕಲಬುರಗಿ ಕಡೆಯಿಂದ ಸಿಂದಗಿ ಮೇಲೆ ಹಾಯ್ದು ಬರುವುದು ಇನ್ನೊಂದು. ಹಗಲು ರಾತ್ರಿ ಲಾರಿ.

ಒಂದು ಲೆಕ್ಕ ಕೊಡುತ್ತೇನೆ. 2000ದ ನಿಯಮದಲ್ಲಿ ದೊಡ್ಡ ಲಾರಿಯ ಎಂಜಿನ್ ಒಂದು ಯೂನಿಟ್ ಕೆಲಸಕ್ಕೆ 0.36 ಗ್ರಾಂ ಕಣ ಬಿಡಬಹುದಿತ್ತು. ಎರಡನೇ ಮೆಟ್ಟಿಲಿಗೆ 0.15, ಮೂರಕ್ಕೆ 0.10, ನಾಲ್ಕಕ್ಕೆ 0.02, ಆರಕ್ಕೆ 0.01. ಅಂದರೆ ನಿಯಮದ ಪ್ರಕಾರವೇ ಒಂದು ಹಳೇ ಲಾರಿ ಮೂವತ್ತಾರು ಹೊಸ ಲಾರಿಗೆ ಸಮ. ಹಳೇ ಲಾರಿ ಹಳತಾದಷ್ಟೂ ನಿಯಮದಲ್ಲಿ ಉಳಿಯುವುದೂ ಇಲ್ಲ.

2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟು ಏಪ್ರಿಲ್ 1ರಿಂದ ಮೂರನೇ ಮೆಟ್ಟಿಲಿನ ವಾಹನ ಮಾರಬಾರದು ಅಂದಿತು. ಉಳಿದ ಎರಡು ದಿನ ಶೋರೂಮುಗಳಲ್ಲಿ ಜಾತ್ರೆ, ಸಾವಿರಾರು ರೂಪಾಯಿ ರಿಯಾಯಿತಿ. ನಮ್ಮ ಮನೆಗೂ ಒಂದು ಬೈಕ್ ಬಂತು, ಸುಳ್ಳು ಯಾಕೆ ಹೇಳಲಿ. ಅಗ್ಗಕ್ಕೆ ಸಿಕ್ಕಿತು ಅಂತ ಪೇಢೆ ಹಂಚಿದೆವು. ಕೊನೆಗೆ 2020ರ ಏಪ್ರಿಲ್ 1ಕ್ಕೆ ಆರನೇ ಮೆಟ್ಟಿಲು ಬೆಂಗಳೂರಿಗೂ ಮುದ್ದೇಬಿಹಾಳಕ್ಕೂ ಒಂದೇ ದಿನ ಬಂತು. ಇದು ನಿಜಕ್ಕೂ ದೊಡ್ಡ ಕೆಲಸ, ಹೊಗಳಬೇಕಾದದ್ದು. ಆದರೆ ಮಾಮಾ ಅಷ್ಟರಲ್ಲಿ ಸ್ಟೇರಿಂಗ್ ಬಿಟ್ಟಾಗಿತ್ತು.

*

ಎಣ್ಣೆ ಒಂದಾಯಿತು, ಗಾಡಿಗಳು ಒಂದಾಗಲಿಲ್ಲ. ನಗರದಲ್ಲಿ ಹಳತಾದದ್ದು ಸಣ್ಣ ಊರಿಗೆ ಬರುತ್ತದೆ. ಇದು ಬರೀ ವ್ಯಾಪಾರವಲ್ಲ, ಆದೇಶಗಳಲ್ಲೂ ಈ ವಿಚಾರ ಇದೆ. ದಿಲ್ಲಿಯಲ್ಲಿ ಹತ್ತು ವರ್ಷದ ಡೀಸೆಲ್ ವಾಹನ ಓಡಿಸಬಾರದು ಅಂತ 2015ರಲ್ಲಿ ಆದೇಶ ಮಾಡಿದ್ದ ಹಸಿರು ನ್ಯಾಯಮಂಡಳಿ, 2016ರಲ್ಲಿ ಹದಿನೈದು ವರ್ಷ ತುಂಬದ ಗಾಡಿಗಳನ್ನು ವಾಹನ ಕಡಿಮೆ ಇರುವ, ಗಾಳಿ ಚೆನ್ನಾಗಿ ಆಡುವ ಪ್ರದೇಶಗಳಿಗೆ ಕಳಿಸಬಹುದು ಅಂದಿತು. ಗಾಳಿ ಚೆನ್ನಾಗಿ ಆಡುವ ಊರಿನವರಿಗೂ ಎದೆ ಇದೆಯಲ್ಲ!

ಟ್ರ್ಯಾಕ್ಟರಿನದು ಬೇರೆಯೇ ಲೋಕ. 1964ರಲ್ಲಿ ಆಲಮಟ್ಟಿಗೆ ಅಡಿಗಲ್ಲು ಬಿತ್ತು. ದಶಕಗಳ ಮೇಲೆ ಕಾಲುವೆ ನೀರು ಬಂತು, ನೀರಿನ ಹಿಂದೆ ಕಬ್ಬು, ಕಬ್ಬಿನ ಹಿಂದೆ ಫ್ಯಾಕ್ಟರಿ, ಫ್ಯಾಕ್ಟರಿಯ ಮುಂದೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳ ಸಾಲು. ನೀರು ಬೇಡ ಅನ್ನುತ್ತೇನೆಯೆ? ಬರದ ನಾಡಿನವನು ನಾನು, ನಾಲಿಗೆ ಬರುವುದಿಲ್ಲ. ಆದರೆ ಲಾರಿಗೆ 2020ರಲ್ಲಿ ಬಂದ ಬಿಗಿ ಟ್ರ್ಯಾಕ್ಟರಿಗೆ ಬರಲಿಲ್ಲ. 2023ರ ಜನವರಿಯಿಂದ ಹೊಸ ಬಿಗಿ ನಿಯಮ ಬಂದದ್ದು 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೆ ಮಾತ್ರ. ನಮ್ಮ ರೈತರ ಹೆಚ್ಚಿನ ಟ್ರ್ಯಾಕ್ಟರುಗಳು ಅದಕ್ಕಿಂತ ಸಣ್ಣವು.

ತಪಾಸಣೆ? ಡೀಸೆಲ್ ಗಾಡಿಯ ಎಮಿಷನ್ ಟೆಸ್ಟು ನೋಡುವುದು ಹೊಗೆ ಎಷ್ಟು ಬೆಳಕು ತಡೆಯುತ್ತದೆ ಅನ್ನುವುದನ್ನು, ಅಂದರೆ ಕರೀ ಹೊಗೆಯನ್ನು. ಕಣ್ಣಿಗೆ ಕಾಣದ ಸಣ್ಣ ಕಣವನ್ನು ಅದು ಎಣಿಸುವುದಿಲ್ಲ. ಆ ಕರೀ ಹೊಗೆಯಾದರೂ ನೋಡುತ್ತಾರೋ ಅಂದರೆ... ಒಂದು ಕಡೆ ಮಾಮಾನ ಟೆಂಪೋಗೆ ಕೊಳವಿಯೇ ಇಡದೆ ಸರ್ಟಿಫಿಕೇಟ್ ಕೊಟ್ಟದ್ದನ್ನು ನಾನೇ ನಿಂತು ನೋಡಿದ್ದೇನೆ. "ಗಾಡಿ ಎಲ್ಲೈತಿ" ಅಂತ ಕೇಳಿದರು, ತೋರಿಸಿದೆವು, ಆಯಿತು. ನಾವೂ ಸುಮ್ಮನೆ ಬಂದೆವು. ತಪ್ಪಿನಲ್ಲಿ ನಮ್ಮದೂ ಪಾಲು.

ಕೊನೆಯದು, ಅಳತೆ. 2009ರ ನವೆಂಬರಿನ ರಾಷ್ಟ್ರೀಯ ಮಾನದಂಡದ ಪ್ರಕಾರ ಪಿಎಂ 2.5 ವರ್ಷದ ಸರಾಸರಿ ಘನ ಮೀಟರಿಗೆ 40 ಮೈಕ್ರೊಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಇಂಡಿಯಲ್ಲಿ ಎಷ್ಟಿದೆ? ಸಿಂದಗಿಯಲ್ಲಿ? ಗೊತ್ತಾಗಬೇಕಾದರೆ ಅಳೆಯಬೇಕು. ವಿಜಯಪುರದ ಇಬ್ರಾಹಿಂಪುರದಲ್ಲಿ ಒಂದು ಮಾಪನ ಕೇಂದ್ರ ಇದೆ. ನಮ್ಮ ನಾಲ್ಕು ಊರುಗಳು ಅಲ್ಲಿಂದ ನಲವತ್ತರಿಂದ ಎಂಬತ್ತು ಕಿಲೋಮೀಟರು ದೂರ. ಆ ಊರುಗಳ ಹೆಸರು ಕೇಂದ್ರ ಮಂಡಳಿಯ ಪಟ್ಟಿಯಲ್ಲಿ ನನಗೆ ಕಾಣಲಿಲ್ಲ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ನಾಲ್ಕು ನಗರ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಮಹಾರಾಷ್ಟ್ರದ ಪಟ್ಟಿಯಲ್ಲಿ ಸೊಲ್ಲಾಪುರ. ಉತ್ತರಕ್ಕೆ ಸೊಲ್ಲಾಪುರ, ಪೂರ್ವಕ್ಕೆ ಕಲಬುರಗಿ, ಎರಡೂ ಪಟ್ಟಿಯಲ್ಲಿವೆ. ನಡುವೆ ನಾವು. ಪಟ್ಟಿಯಲ್ಲಿ ಇಲ್ಲ ಅಂದರೆ ಗಾಳಿ ಚೊಕ್ಕ ಇದೆ ಅಂತಲ್ಲ.

*

ಮಾಮಾನ ಎದೆ ಕೆಟ್ಟದ್ದು ಡೀಸೆಲಿನಿಂದಲೇ ಅಂತ ನಾನು ಹೇಳುತ್ತಿಲ್ಲ. ಅವನು ಬೆಳೆದದ್ದು ಕಟ್ಟಿಗೆ, ಕುಳ್ಳು ಉರಿಸುವ ಒಲೆಯ ಮನೆಯಲ್ಲಿ. ಸುಗ್ಗಿಯಲ್ಲಿ ಜೋಳದ ರಾಶಿ ತೂರಿದ್ದಾನೆ. ಈಗ ಬಾಗೇವಾಡಿ ಕಡೆ ಕೂಡಗಿಯಲ್ಲಿ ಕಲ್ಲಿದ್ದಲು ಉರಿಸುವ 2400 ಮೆಗಾವ್ಯಾಟಿನ ವಿದ್ಯುತ್ ಸ್ಥಾವರವೂ ಇದೆ. ಒಬ್ಬ ಮನುಷ್ಯನ ಶ್ವಾಸಕೋಶದಲ್ಲಿ ಯಾವ ಮಸಿ ಯಾವ ಒಲೆಯದು ಅಂತ ಬೇರ್ಪಡಿಸಿ ಹೇಳಲು ಡಾಕ್ಟರಿಗೂ ಆಗುವುದಿಲ್ಲ. ಅವರೇ ಹಾಗಂದರು.

ಆದರೆ ಒಂದಂತೂ ಖಂಡಿತ. ಯಾವ ಊರಿನವರು ಎಷ್ಟು ಗಂಧಕ ಉಸಿರಾಡಬೇಕು ಅನ್ನುವುದಕ್ಕೆ ಒಂದು ವೇಳಾಪಟ್ಟಿ ಇತ್ತು. ಅದರಲ್ಲಿ ನಮ್ಮ ನಾಲ್ಕು ತಾಲೂಕುಗಳು ಪ್ರತಿ ಸಲವೂ ಕೊನೆಯ ಸಾಲಿನಲ್ಲಿದ್ದವು. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ, ರಿಫೈನರಿಗಳು ಒಮ್ಮೆಲೇ ಬದಲಾಗಲು ಆಗುವುದಿಲ್ಲ, ನಗರದಲ್ಲಿ ಗಾಡಿ ಹೆಚ್ಚು, ಜನ ಹೆಚ್ಚು. ಕಾರಣಗಳು ಸರಿಯಾಗೇ ಇವೆ. ಆದರೂ ಮಾಮಾ ಟ್ರ್ಯಾಕ್ಸ್ ಹೊಡೆದದ್ದು, ಟೆಂಪೋ ಒಯ್ದದ್ದು ಆ ತಡವಾದ ವರ್ಷಗಳಲ್ಲೇ.

ಮೊನ್ನೆ ಫೋನ್ ಮಾಡಿದ್ದ. ಇನ್ಹೇಲರ್ ರೂಢಿಯಾಗಿದೆಯಂತೆ. "ಈಗ ಸಾಲಿ ಮುಂದಿನ ಕಟ್ಟಿ ಮ್ಯಾಲ ಕುಂಡರ್ತೀನಿ ತಮ್ಮಾ. ಹುಡುಗರು ಟ್ರ್ಯಾಕ್ಟರ್ ಹಿಂದ ಓಡ್ತಾವು. ಓಡಬ್ಯಾಡ್ರೋ ಅಂತೀನಿ. ಕೇಳೂದಿಲ್ಲ" ಅಂದ.

ನಿಮ್ಮೂರಲ್ಲಿ ಗಾಳಿ ಅಳೆಯುವ ಕೇಂದ್ರ ಇದೆಯಾ? ಇದ್ದರೆ ಒಮ್ಮೆ ನೋಡಿ ಅಂಕಿ ಎಷ್ಟಿದೆ ಅಂತ ಬರೆಯಿರಿ. ಇಲ್ಲದಿದ್ದರೆ ಇಲ್ಲ ಅಂತಲಾದರೂ ಬರೆಯಿರಿ, ಅದೂ ಒಂದು ಲೆಕ್ಕವೇ.